ಐಸ್ ಮನೆಯ ಅಳಿಯ

ಒಂದೊಂದು ಮನೆಗೆ ಒಂದೊಂದು ಮದ್ದು. ಕೆಲವರು ಎಣ್ಣೆ ಹಚ್ಚುತ್ತಾರೆ, ಕೆಲವರು ಕಷಾಯ ಕುದಿಸುತ್ತಾರೆ, ಕೆಲವರು ಏನೇ ಆದರೂ ಮುಸುಕೆಳೆದು ಮಲಗಿಬಿಡುತ್ತಾರೆ. ಮೀನು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದ್ದ ಐಸ್ ಫ್ಯಾಕ್ಟರಿ ಮನೆಯಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಮದ್ದು. ಹಲ್ಲುನೋವಿಗೆ ಐಸು, ಉಳುಕಿಗೆ ಐಸು, ಜ್ವರ ಬಂದರೆ ಹಣೆಗೆ ಐಸು, ಮೂಗಲ್ಲಿ ರಕ್ತ ಬಂದರೆ ನೆತ್ತಿಗೆ ಐಸು. ಆ ಮನೆಯ ಇಬ್ಬರು ಹೆಣ್ಣುಮಕ್ಕಳು ಸಣ್ಣವರಿದ್ದಾಗ ಜಡೆ ಜಡೆ ಹಿಡಿದು ಜಗಳಕ್ಕೆ ನಿಂತರೆ, ಅಪ್ಪ ಇಬ್ಬರ ಕೈಗೂ ಒಂದೊಂದು ಐಸಿನ ತುಂಡು ಕೊಟ್ಟು, "ಇದು ಕರಗೋವರೆಗೂ ಬಾಯಿ ತೆಗೀಬಾರ್ದು" ಅನ್ನುತ್ತಿದ್ದನಂತೆ. ಕರಗುವಷ್ಟರಲ್ಲಿ ಜಗಳ ಯಾತಕ್ಕೆ ಹುಟ್ಟಿತ್ತು ಅನ್ನುವುದೇ ಇಬ್ಬರಿಗೂ ಮರೆತುಹೋಗಿರುತ್ತಿತ್ತು.

ಆ ಅಪ್ಪನಿಗೆ ಬೀದಿಯವರು ಇಟ್ಟ ಹೆಸರು ಐಸಜ್ಜ. ಅವನ ದೊಡ್ಡ ಮಗಳ ಗಂಡ ಅದೇ ಮನೆಯಲ್ಲಿದ್ದ. ಐಸಜ್ಜನಿಗೆ ಮಾತ್ರವಲ್ಲ, ಇಡೀ ಮಾರುಕಟ್ಟೆಗೇ ಅವನು ಅಳಿಯ. ಮೀನು ಮಾರುವ ಹೆಂಗಸರಿಂದ ಹಿಡಿದು ಗಾಡಿ ತಳ್ಳುವವರವರೆಗೆ ಎಲ್ಲರೂ "ಅಳಿಯಂದ್ರೇ, ಎರಡು ಗಡ್ಡೆ ಕಳಿಸಿ" ಅನ್ನುವವರೇ. ಮೊದಲು ಮಾರುಕಟ್ಟೆಯಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದವನು. ಒಂದು ದಿನ ಫ್ಯಾಕ್ಟರಿಯ ಬಾಗಿಲಲ್ಲಿ ಐಸಿನ ಗಡ್ಡೆಯೊಂದು ಅಡ್ಡಡ್ಡ ಸಿಕ್ಕಿಕೊಂಡು, ನಾಲ್ಕಾರು ಜನ ಕೈಚೆಲ್ಲಿ ನಿಂತಿದ್ದಾಗ, ಇವನು ಬಂದು ಬರಿಗೈಯಲ್ಲಿ ಅಪ್ಪಿ ಹಿಡಿದು ಮಗು ಮಗ್ಗುಲು ಹೊರಳಿಸಿದ ಹಾಗೆ ಹೊರಳಿಸಿಬಿಟ್ಟ. ಐಸಜ್ಜ ನೋಡಿಕೊಂಡ. ಮನೆಮಠ ವಿಚಾರಿಸಲಿಲ್ಲ, ಓದು ಬರಹ ಕೇಳಲಿಲ್ಲ. ಕೈ ನೋಡಿ ಮಗಳನ್ನು ಕೊಟ್ಟ.

ಫ್ಯಾಕ್ಟರಿ ಎಂದರೆ ದೊಡ್ಡದೇನಲ್ಲ. ಕೆಳಗೆ ಉದ್ದನೆಯ ಹಜಾರ, ಅದರ ನೆಲದೊಳಗೆ ಉಪ್ಪುನೀರಿನ ತೊಟ್ಟಿ, ತೊಟ್ಟಿಯ ತುಂಬ ಸಾಲಾಗಿ ಇಳಿಬಿಟ್ಟ ತಗಡಿನ ಡಬ್ಬಗಳು. ಡಬ್ಬದಲ್ಲಿ ಸಿಹಿನೀರು ತುಂಬಿಟ್ಟರೆ ಸುತ್ತಲಿನ ಉಪ್ಪುನೀರಿನ ಚಳಿಗೆ ಅದು ಗಡ್ಡೆ ಕಟ್ಟುತ್ತದೆ. ಕಟ್ಟಿದ ಮೇಲೆ ರಾಟೆಗೆ ಸಿಕ್ಕಿಸಿ ಡಬ್ಬ ಎತ್ತಬೇಕು, ಪಕ್ಕದ ಮಾಮೂಲು ನೀರಿನಲ್ಲಿ ಒಂದು ಗಳಿಗೆ ಅದ್ದಬೇಕು, ಬೋರಲು ಹಾಕಬೇಕು. ಆಗ ಐಸಿನ ಗಡ್ಡೆ ಸುಯ್ಯೆಂದು ಜಾರಿ ಬರುತ್ತದೆ. ಅದಕ್ಕೆ ಕೊಕ್ಕೆ ಹಾಕಿ ಬಾಗಿಲವರೆಗೆ ಎಳೆದು ತರುವುದು ಅಳಿಯನ ಕೆಲಸ. ಕೈಗೆ ರಬ್ಬರಿನ ಚೀಲ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಐಸಜ್ಜನಿಗೆ ಮೂಗಿನ ಮೇಲೇ ಕೋಪ. "ಕೈಚೀಲ ಹಾಕ್ಕೊಂಡು ಐಸ್ ಹಿಡಿಯೋದೂ ಒಂದೇ, ಇಕ್ಕಳದಲ್ಲಿ ಮಗು ಎತ್ಕೊಳ್ಳೋದೂ ಒಂದೇ" ಅನ್ನುತ್ತಿದ್ದ. ಅಳಿಯನೂ ಹಾಕಿಕೊಂಡವನಲ್ಲ. ಅದು ಅವನ ಹೆಮ್ಮೆ. ಮಾರುಕಟ್ಟೆಯಲ್ಲಿ "ಮನೆ ಅಳಿಯ, ಮನೆ ತೊಳಿಯ" ಎಂದು ಯಾರಾದರೂ ಕಿಚಾಯಿಸಿದರೆ, ಕೆಂಪಗಾದ ತನ್ನ ಎರಡು ಕೈ ಎತ್ತಿ ತೋರಿಸಿ ನಗುತ್ತಿದ್ದ, ಅಷ್ಟೆ. ಬಿಟ್ಟಿ ಕೂಳಲ್ಲ ಎಂಬುದಕ್ಕೆ ಆ ಕೈಗಳೇ ಸಾಕ್ಷಿ.

ಅಂಥ ಕೈಗೆ ದದ್ದು ಬಂತು.

ಒಂದು ಸಲ ಕೆಮ್ಮು ಜ್ವರ ಬಂದು ಹೋಗಿತ್ತು. ಅದಾದ ಮೇಲೆ ಒಂದು ದಿನ ಕೆಲಸ ಮುಗಿಸಿ ಮೇಲಿನ ಮನೆಗೆ ಹತ್ತಿ, ಒಲೆಯ ಹತ್ತಿರ ಕೂತು ಚಹಾದ ಲೋಟ ಕೈಗೆತ್ತಿಕೊಂಡ. ಮಣಿಕಟ್ಟಿನಲ್ಲಿ ಏನೋ ಚುರುಚುರು. ನೋಡನೋಡುತ್ತ ಅಂಗೈಯಿಂದ ಮೊಳಕೈವರೆಗೆ ಕೆಂಪು ಗಂಧೆಗಳು, ಹಿಟ್ಟು ಉಬ್ಬಿದ ಹಾಗೆ. ನವೆಯೆಂದರೆ ನವೆ, ಗೋಡೆಗೆ ತಿಕ್ಕಿಕೊಳ್ಳುವಂಥ ನವೆ.

ಅತ್ತೆ ಹತ್ತಿರ ಬಂದು ನೋಡಿದಳು. "ಅಳಿಯಂದ್ರೇ, ಇದು ಉಷ್ಣ."

"ಉಷ್ಣ ಅಲ್ದೆ ಇನ್ನೇನು" ಎಂದ ಐಸಜ್ಜ. "ಕೆಳಗೆ ಐಸ್ ಹಿಡ್ದಿರೋವಾಗ ಏನಾದ್ರೂ ಆಯ್ತಾ?"

"ಇಲ್ಲ ಮಾವ."

"ಮೇಲೆ ಬಂದು ಒಲೆ ಮುಂದೆ ಕೂತ ಮೇಲೆ ತಾನೆ ಎದ್ದಿದ್ದು? ಇನ್ನೇನು ಬೇಕು? ತಗೊಂಡು ಬಾರೆ ಒಂದು ತುಂಡು."

ಮಾತು ನ್ಯಾಯವಾಗಿಯೇ ಇತ್ತು. ಐಸು ತಂದು ಉಜ್ಜಿದರು. ಉಜ್ಜುತ್ತಿದ್ದಷ್ಟು ಹೊತ್ತು ಕೈ ಜೋಮು ಹಿಡಿದು ನವೆ ನಿಂತಿತು. ಎಲ್ಲರಿಗೂ ಸಮಾಧಾನ. ಅಳಿಯ ಊಟಕ್ಕೆ ಕೂತ. ಅನ್ನ ಕಲಸುವಷ್ಟರಲ್ಲಿ ಮೊದಲಿಗಿಂತ ದುಪ್ಪಟ್ಟು ಗಂಧೆ ಎದ್ದವು. "ನೋಡಿದ್ರಾ, ಬಿಸಿ ಅನ್ನ ಮುಟ್ಟಿದ್ದೇ ತಡ" ಎಂದಳು ಅತ್ತೆ. ಮತ್ತೆ ಐಸು ಬಂತು. ಹೀಗೆ ಬೆಂಕಿಗೆ ತುಪ್ಪ ಸುರಿಯುತ್ತ, ಆರುತ್ತಿಲ್ಲವಲ್ಲ ಎಂದು ಇನ್ನಷ್ಟು ತುಪ್ಪ ತರುವ ಕೆಲಸ ವಾರಗಟ್ಟಲೆ ನಡೆಯಿತು.

ಬೀದಿಯ ಆಚೆ ಬದಿಯಲ್ಲಿ ನಾದಿನಿ, ಎಂದರೆ ಐಸಜ್ಜನ ಚಿಕ್ಕ ಮಗಳು, ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಮೊಡವೆ, ಬಂಗು, ಕಣ್ಣಡಿಯ ಕಪ್ಪು, ಎಲ್ಲಕ್ಕೂ ಅವಳ ಬಳಿ ಒಂದೊಂದು ಡಬ್ಬಿ. ಅಪ್ಪನ ವೈದ್ಯ ಕೆಲಸ ಮಾಡದ್ದು ಕಂಡು ಅವಳು ಭಾವನನ್ನು ಕರೆದು ತನ್ನ ತಿರುಗುವ ಕುರ್ಚಿಯಲ್ಲಿ ಕೂರಿಸಿದಳು.

"ಭಾವ, ಇದು ನೀವು ಹಾಕೋ ಸೋಪಿನ ಕಿತಾಪತಿ. ಬಟ್ಟೆ ಸೋಪಲ್ಲಿ ಮುಖ ತೊಳ್ಯೋರು ನೀವು. ಇವತ್ತು ನಾನು ಒಂದು ಪ್ಯಾಕ್ ಹಾಕ್ತೀನಿ ಇರಿ. ಮುಖ ತಣ್ಣಗಾದ್ರೆ ಮೈಯೆಲ್ಲ ತಣ್ಣಗಾಗುತ್ತೆ."

ಪ್ಯಾಕು ಫ್ರಿಜ್ಜಿನಲ್ಲಿತ್ತು. ತಣ್ಣಗೆ ಕೊರೆಯುವುದನ್ನು ಮುಖಕ್ಕೆಲ್ಲ ಮೆತ್ತಿ, ಕಣ್ಣಿಗೆ ಒದ್ದೆ ಹತ್ತಿ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ತೊಳೆದು ಒರೆಸಿ, ಬಿಸಿಲು ಬೀಳುವ ಕಿಟಕಿಯ ಕಡೆ ಕುರ್ಚಿ ತಿರುಗಿಸಿದಳು. ಅಳಿಯ ಕನ್ನಡಿ ನೋಡಿದ. ಕನ್ನಡಿಯಲ್ಲಿ ಬೇರೆ ಯಾರೋ ಕೂತಿದ್ದರು. ಕೆನ್ನೆ ಕಂಡರೆ ಕಣ್ಣಿಲ್ಲ. ನಾದಿನಿ ಗಾಬರಿಯಾಗಿ ಕುಡಿಯಲು ತಣ್ಣನೆ ಶರಬತ್ತು ಕೊಟ್ಟಳು. ಅದನ್ನು ಕುಡಿದದ್ದೇ ತುಟಿಯೂ ಊದಿಕೊಂಡಿತು.

ಗಾಬರಿ ಇಳಿದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. "ತಪ್ಪು ತಿಳ್ಕೋಬೇಡಿ ಭಾವ. ನನ್ನ ಗಿರಾಕಿಗಳು ಇಂಥ ತುಟಿ ಬೇಕು ಅಂತ ಸೂಜಿ ಚುಚ್ಚಿಸ್ಕೊಂಡು ಬರ್ತಾರೆ. ನಿಮಗೆ ಒಂದು ಲೋಟ ಶರಬತ್ತಿಗೇ ಬಂತಲ್ಲ."

"ನಗು ನಗು" ಎಂದ ಅಳಿಯ. ತುಟಿ ಊದಿದ್ದರಿಂದ ಅದು "ಬಗು ಬಗು" ಎಂದು ಕೇಳಿಸಿ ಅವಳು ಇನ್ನೂ ನಕ್ಕಳು.

ಐಸಜ್ಜನಿಗೆ ಈಗ ಹಟ ಹತ್ತಿತು. ಉಷ್ಣ ಮುಖಕ್ಕೇರಿದೆ ಎಂದರೆ ತುಂಡಿನಿಂದ ಆಗುವ ಕೆಲಸವಲ್ಲ, ಬುಡಕ್ಕೇ ಕೈ ಹಾಕಬೇಕು ಎಂದು ದೊಡ್ಡ ಪೀಪಾಯಿಗೆ ನೀರು ಸುರಿದು, ಅದಕ್ಕೆ ಗಡ್ಡೆ ಒಡೆದು ಹಾಕಿ, ಅಳಿಯನನ್ನು ಎದೆಮಟ್ಟ ಕೂರಿಸಿದ. ಅಳಿಯ ಹಲ್ಲು ಕಚ್ಚಿ ಕೂತ. ಎದ್ದು ಹೊರಗೆ ಬಂದು ಟವೆಲು ಸುತ್ತಿಕೊಂಡು ಅಂಗಳದ ಬಿಸಿಲಿಗೆ ನಿಂತನೋ ಇಲ್ಲವೋ, ಕಾಲಿನಿಂದ ಕತ್ತಿನವರೆಗೆ ಮೈ ಕೆಂಡದ ಹಾಗೆ ಉರಿಯತೊಡಗಿತು. ಎದೆ ಡವಡವ. ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಸರಿಹೋಯಿತು. "ಉಷ್ಣ ಹೊರಗೆ ಬರ್ತಾ ಇದೆ, ಒಳ್ಳೇದೇ" ಎಂದ ಐಸಜ್ಜ. ಹಾಗೆ ಅಂದರೂ ಅವನ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಆ ಸಂಜೆ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದಳು. "ನಿಜ ಹೇಳಿ. ನಿಮಗೆ ಗೊತ್ತಾಗಿದೆ ಅಲ್ವಾ?"

"ಏನು ಗೊತ್ತಾಗೋದು?"

"ಕರೆಂಟಿಲ್ದೆ ಫ್ಯಾಕ್ಟರಿ ನಿಂತಿತ್ತಲ್ಲ, ಆ ನಾಲ್ಕು ದಿನ ನಿಮ್ಮ ಮೈಮೇಲೆ ಒಂದು ದದ್ದಿರ್ಲಿಲ್ಲ. ನಾನು ನೋಡ್ದೆ. ನೀವೂ ನೋಡಿದೀರ."

ಅಳಿಯನಿಗೆ ಗೊತ್ತಾಗಿತ್ತು. ಗೊತ್ತಾದಾಗಿನಿಂದ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಐಸಿನವನಿಗೆ ಐಸೇ ಆಗುವುದಿಲ್ಲ ಎಂದರೆ, ಅವನು ಈ ಮನೆಯಲ್ಲಿ ಯಾರು?

"ಡಾಕ್ಟ್ರ ಹತ್ರ ಹೋದ್ರೆ ಐಸ್ ಬಿಡು ಅಂತಾರೆ" ಎಂದ ಕೊನೆಗೆ.

"ಅಂದ್ರೆ ಬಿಡಿ."

"ನಿಂಗೇನು, ಹೇಳ್ಬಿಡ್ತೀಯ. ಮಾವ ನನ್ನ ಕೈ ನೋಡಿ ನಿನ್ನ ಕೊಟ್ಟಿದ್ದು. ಆ ಕೈಯೇ ಕೆಲಸಕ್ಕೆ ಬರ್ದೆ ಹೋದ್ರೆ?"

"ನಾನೇನು ಪಕ್ಕದ ಮನೆಯಿಂದ ತಂದ ಪಾತ್ರೆನಾ, ಕೆಲಸ ಮುಗೀತು ಅಂತ ವಾಪಸ್ ಇಸ್ಕೊಳ್ಳೋಕೆ?" ಹೆಂಡತಿ ಒಂದು ಅಂಗಿ ಕೊಡವಿದಳು. "ನಾಳೆ ಚರ್ಮದ ಡಾಕ್ಟರಮ್ಮನ ಹತ್ರ ಹೋಗಿ. ಇಲ್ದಿದ್ರೆ ನಾನೇ ಅಪ್ಪನಿಗೆ ಹೇಳ್ತೀನಿ."

ಮರುದಿನ ರಾಟೆಗೆ ಹೊಸ ಸರಪಣಿ ನೋಡಿಕೊಂಡು ಬರುತ್ತೇನೆಂದು ಮಾವನಿಗೆ ಸುಳ್ಳು ಹೇಳಿ ಅಳಿಯ ಹೊರಟ.

ಡಾಕ್ಟರಮ್ಮನ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಗೋಡೆಗೆ ಹೊಂದಿಸಿ ಬೆಂಚು ಹಾಕಿದ್ದರು. ಮೊಡವೆ, ಬಂಗು, ನರುಳ್ಳಿ, ಬಿಳಿ ಮಚ್ಚೆ, ಕೂದಲು ಉದುರುವುದು, ಹಚ್ಚೆ ತೆಗೆಯುವುದು ಎಂದು ಬೋರ್ಡು. ಅಳಿಯ ಅಂಗಿಯ ತೋಳು ಮಣಿಕಟ್ಟಿನವರೆಗೂ ಇಳಿಬಿಟ್ಟು ಮೂಲೆಯಲ್ಲಿ ಕೂತ. ಆದರೆ ಆ ಬೆಂಚಿನ ಮೇಲೆ ಯಾರೂ ಏನನ್ನೂ ಮುಚ್ಚಿಡುವ ಹಾಗೆ ಕಾಣಲಿಲ್ಲ.

"ನಿಮ್ದೇನು?" ಎಂದು ಪಕ್ಕದವನು ಕೇಳಿದ. ಅವನು ಮನೆಗಳಿಗೆ ಬಣ್ಣ ಹೊಡೆಯುವವನು. ಎರಡು ಕೈ ಮೇಲೂ ಕತ್ತಿನ ಮೇಲೂ ಬಿಳಿ ಮಚ್ಚೆಗಳಿದ್ದವು. "ನನ್ದು ನೋಡಿ, ಜನ ಸುಣ್ಣ ಸಿಡಿದಿದೆ ಅಂದ್ಕೋತಾರೆ. ಮೊನ್ನೆ ಒಬ್ಬಮ್ಮ ಬಟ್ಟೆ ಒದ್ದೆ ಮಾಡಿ ಒರೆಸೋಕೇ ಬಂದ್ಲು. ಇಲ್ಲಿ ಪೆಟ್ಟಿಗೆಯಂಥದ್ರಲ್ಲಿ ನಿಲ್ಸಿ ಬೆಳಕು ಬಿಡ್ತಾರೆ. ಕತ್ತಿಂದು ತುಂಬ್ಕೋತಾ ಬಂತು. ಕೈದು ಹಟಮಾರಿ."

ಎದುರಿನ ಹುಡುಗಿ ತನ್ನ ತೋಳು ತೋರಿಸಿದಳು. ಅರ್ಧ ಮಾಸಿದ ಹಚ್ಚೆ. "ನಂದು ಹೆಸರು ಅಳಿಸೋದು ಅಂಕಲ್. ಹುಡುಗ ಒಂದೇ ದಿನಕ್ಕೆ ಹೋದ, ಹೆಸರು ಮಾತ್ರ ಹೋಗ್ತಾನೇ ಇಲ್ಲ."

ಎಲ್ಲರೂ ನಕ್ಕರು. ಕಿಟಕಿಯ ಬಳಿ ಕೂತಿದ್ದ ನಿವೃತ್ತ ಟೀಚರಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳ ಮುಖ ಕೈಗಳೆಲ್ಲ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರಿದಿದ್ದವು. ಹುಟ್ಟಿನಿಂದಲೇ ಬಂದದ್ದಂತೆ, ಎಷ್ಟೋ ಲಕ್ಷ ಜನರಲ್ಲಿ ಒಬ್ಬರಿಗೆ ಬರುವಂಥದ್ದಂತೆ. "ದಿನಾ ಎರಡು ಹೊತ್ತು ಮುಲಾಮು ಬಳ್ಕೊಂಡೇ ಮೂವತ್ತು ವರ್ಷ ಪಾಠ ಮಾಡ್ದೆ. ಹೊಸ ಮಕ್ಕಳು ಮೊದಲ ದಿನ ಹೆದರೋವು. ಎರಡನೇ ದಿನದಿಂದ ನನ್ನ ಲೆಕ್ಕದ ಪಾಠಕ್ಕೆ ಹೆದರೋವು. ಚರ್ಮ ಮರ್ತೇ ಹೋಗೋದು."

ಅಳಿಯನಿಗೆ ಸ್ವಲ್ಪ ಉಸಿರು ಬಂದ ಹಾಗಾಯಿತು. "ನನ್ದು... ದದ್ದು" ಎಂದ.

"ಓ, ದದ್ದಾ" ಎಂದ ಬಣ್ಣದವನು, ಅಷ್ಟೇನಾ ಎನ್ನುವ ಹಾಗೆ.

ಒಳಗೆ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡಳು. ಕೆಲಸ ಏನೆಂದು ಕೇಳಿದಳು. ಐಸು ಎಂದ ಕೂಡಲೆ ಪೆನ್ನು ಕೆಳಗಿಟ್ಟಳು. "ದದ್ದು ಐಸ್ ಹಿಡ್ದಿರೋವಾಗ ಬರುತ್ತಾ, ಬಿಟ್ಟ ಮೇಲಾ?"

"ಬಿಟ್ಟ ಮೇಲೆ. ಬೆಚ್ಚಗಾಗೋವಾಗ."

"ಸರಿ. ಒಂದು ಚಿಕ್ಕ ಪರೀಕ್ಷೆ ಮಾಡೋಣ. ಸಿಸ್ಟರ್, ಒಂದು ತುಂಡು ಐಸ್ ಕೊಡಿ."

"ಬೆಳಗಿನ ಲೇಸರ್‌ನೋರ ಉರಿ ಆರಿಸೋಕೇ ಖಾಲಿ ಆಗೋಯ್ತು ಡಾಕ್ಟ್ರೇ" ಎಂದಳು ನರ್ಸು. "ಫೋನ್ ಮಾಡಿದೀನಿ. ದಿನಾ ತರೋ ಸೈಕಲ್‌ನೋನು ರಜವಂತೆ. ಐಸ್ ಫ್ಯಾಕ್ಟರಿ ಯಜಮಾನರೇ ತರ್ತಿದಾರೆ."

ಅಳಿಯ ಕುರ್ಚಿಯಿಂದ ಎದ್ದುಬಿಟ್ಟ. ಸೈಕಲಿನವನು ರಜ ಹಾಕಿದಾಗ ಕ್ಲಿನಿಕ್ಕಿಗೆ ಐಸು ತರುವುದು ತನ್ನದೇ ಕೆಲಸ. ಇವತ್ತು ತಾನು ಸರಪಣಿ ನೋಡಲು ಹೋಗಿದ್ದೇನಲ್ಲ. ಹೊರಗೆ ಆಗಲೇ ಚಪ್ಪಲಿಯ ಸಪ್ಪಳ, ಗಂಟಲು ಸರಿಮಾಡುವ ಸದ್ದು. ಆ ಕೆಮ್ಮು ಅವನಿಗೆ ನಿದ್ದೆಯಲ್ಲೂ ಗುರುತು.

"ಡಾಕ್ಟ್ರೇ, ನಾನು ಆ ಪರದೆ ಹಿಂದೆ ಕೂತ್ಕೊಂಡು ಕೈ ಮಾತ್ರ ಕೊಡಬಹುದಾ?"

"ಯಾಕೆ, ಐಸ್ ಕಂಡ್ರೆ ಭಯಾನಾ?"

"ಐಸ್ ಕಂಡ್ರಲ್ಲ. ಅದನ್ನ ತರೋರನ್ನ ಕಂಡ್ರೆ."

ಡಾಕ್ಟರಮ್ಮ ಏನೋ ಕೇಳುವಷ್ಟರಲ್ಲಿ ಅಳಿಯ ಹಸಿರು ಪರದೆ ಸರಿಸಿ ಮಂಚದ ಮೇಲೆ ಹತ್ತಿ ಕೂತಾಗಿತ್ತು. ಪರದೆಯ ಸಂದಿಯಿಂದ ಒಂದು ಕೈ ಮಾತ್ರ ಹೊರಗೆ ಚಾಚಿಕೊಂಡಿತ್ತು. ಐಸಜ್ಜ ಥರ್ಮಕೋಲ್ ಪೆಟ್ಟಿಗೆ ಹೊತ್ತು ಒಳಗೆ ಬಂದ.

"ನೋಡಿ ಡಾಕ್ಟರಮ್ಮ, ಕನ್ನಡಿ ಇದ್ದ ಹಾಗಿದೆ. ಆಚೆ ಕಡೆ ಇಟ್ಟ ಪೇಪರ್ ಓದಬಹುದು ಇದ್ರಲ್ಲಿ."

ಡಾಕ್ಟರಮ್ಮ ಒಂದು ತುಂಡನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪರದೆಯ ಕೈ ಮೇಲಿಟ್ಟು ಪಟ್ಟಿ ಕಟ್ಟಿದಳು. "ನೀವು ಹೊರಗೆ ಕೂತಿರಿ ಯಜಮಾನರೇ. ಪೆಟ್ಟಿಗೆ ಖಾಲಿ ಮಾಡಿ ಕಳಿಸ್ತಾರೆ."

ಬೇಡದ ಮಾತು ಐಸಜ್ಜನ ಕಿವಿಗೆ ಬೀಳುತ್ತಿರಲಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತೇಬಿಟ್ಟ. "ಆ ಕೈಗೆ ಏನಾಗಿದೆ?"

ನರ್ಸು ಪೆಟ್ಟಿಗೆ ಖಾಲಿ ಮಾಡುತ್ತ ಬಾಯಿ ಜಾರಿದಳು. "ಐಸ್ ಆಗಲ್ವೇನೋ ಅಂತ ಪರೀಕ್ಷೆ."

"ಐಸ್ ಆಗದ ಕೈಯೂ ಇದೆಯಾ ಲೋಕದಲ್ಲಿ?" ಐಸಜ್ಜ ಪರದೆಯ ಕಡೆ ತಿರುಗಿ, ಕಾಣದ ಮನುಷ್ಯನಿಗೆ ಧೈರ್ಯ ಹೇಳಲು ಶುರುಮಾಡಿದ. "ನೋಡಪ್ಪ, ನೀನು ಯಾರೋ ನಂಗೆ ಗೊತ್ತಿಲ್ಲ. ಆದ್ರೂ ಹೇಳ್ತೀನಿ ಕೇಳು. ನಮ್ಮ ಅಳಿಯಂದ್ರಿಗೂ ಹೀಗೇ ದದ್ದು. ಉಷ್ಣ. ಪೀಪಾಯಿಗೆ ಐಸ್ ತುಂಬಿ ಎದೆಮಟ್ಟ ಕೂರಿಸ್ದೆ."

ಡಾಕ್ಟರಮ್ಮ ತಲೆ ಎತ್ತಿದಳು. "ಎಲ್ಲಿ ಕೂರಿಸಿದ್ರಿ?"

"ಪೀಪಾಯೀಲಿ. ಪಿಟ್ಟೆನ್ನಲಿಲ್ಲ ಪುಣ್ಯಾತ್ಮ. ಅಂಥ ಅಳಿಯ ಏಳು ಊರು ಹುಡುಕಿದ್ರೂ ಸಿಗಲ್ಲ ಕಣಮ್ಮ. ಒಂದು ದಿನ ಕೈಚೀಲ ಹಾಕಿದವರಲ್ಲ. ಐಸಂದ್ರೆ ಪ್ರಾಣ. ಆ ಕೈ ನೋಡೇ ನಾನು ಮಗಳನ್ನ ಕೊಟ್ಟಿದ್ದು."

ಪರದೆಯ ಹಿಂದೆ ಅಳಿಯ ಕಣ್ಣು ಮುಚ್ಚಿಕೊಂಡ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೊಗಳಿಕೆ ಮಾತ್ರ ಒಂದೊಂದೇ ಮೊಳೆ ಹೊಡೆದ ಹಾಗಿತ್ತು.

ಚಹಾ ಕುಡಿದು ಮುಗಿಸುವಷ್ಟು ಹೊತ್ತಾದ ಮೇಲೆ ಡಾಕ್ಟರಮ್ಮ ಪಟ್ಟಿ ಬಿಚ್ಚಿದಳು. ಮೊದಲು ಏನೂ ಇರಲಿಲ್ಲ, ಒದ್ದೆ ಚರ್ಮ ಅಷ್ಟೆ. "ನೋಡಿದ್ರಾ, ಏನೂ ಇಲ್ಲ" ಎಂದು ಐಸಜ್ಜ ಎದ್ದು ಬಂದ. ಬಂದವನು ಹಾಗೇ ನಿಂತ. ಕೈ ಬೆಚ್ಚಗಾಗುತ್ತ ಬಂದ ಹಾಗೆ ಚರ್ಮ ಒಳಗಿನಿಂದ ಯಾರೋ ತಳ್ಳಿದಂತೆ ಉಬ್ಬಿತು. ದದ್ದು ಎಲ್ಲೆಂದರಲ್ಲಿ ಏಳಲಿಲ್ಲ. ಐಸು ಇಟ್ಟಿದ್ದ ಜಾಗದಲ್ಲೇ, ಐಸಿನ ಆಕಾರಕ್ಕೇ, ನಾಲ್ಕು ಮೂಲೆ ಸಮೇತ ಎದ್ದಿತು. ಐಸಜ್ಜ ಅಷ್ಟು ವರ್ಷ ಐಸು ಮಾರಿದ್ದ. ಐಸು ಎಂದೂ ಹೀಗೆ ರುಜು ಹಾಕಿದ್ದನ್ನು ಕಂಡಿರಲಿಲ್ಲ. ಅವನು ಬಗ್ಗಿ ನೋಡಿದ. ಬಗ್ಗಿದವನ ಕಣ್ಣು ಆ ಕೈಯ ಹೆಬ್ಬೆರಳಿಗೆ ಬಿತ್ತು. ತನ್ನ ಕಣ್ಣೆದುರೇ ಡಬ್ಬದ ಅಂಚಿಗೆ ಸಿಕ್ಕಿ ಕಪ್ಪಾದ ಉಗುರು ಅದು.

ಅವನು ನಿಧಾನವಾಗಿ ನೆಟ್ಟಗಾಗಿ ಪರದೆಯ ಕಡೆ ತಿರುಗಿದ.

"ಅಳಿಯಂದ್ರೇ" ಎಂದ ಐಸಜ್ಜ.

"ಮಾವ" ಎಂದಿತು ಪರದೆ.

"ಸರಪಣಿ ಸಿಕ್ತಾ?"

"ಇಲ್ಲ ಮಾವ."

ಐಸಜ್ಜ ಸುಲಭಕ್ಕೆ ಒಪ್ಪುವ ಗಿರಾಕಿಯಲ್ಲ. ತೋಳು ಮಡಿಸಿ ತನ್ನ ಕೈಗೂ ಐಸು ಕಟ್ಟಿಸಿಕೊಂಡ. ಸ್ವಲ್ಪ ಕೆಂಪಗಾಯಿತು, ಅಷ್ಟೆ. ಪ್ಲಾಸ್ಟಿಕ್ಕಿನ ದೋಷವಿರಬೇಕೆಂದು ನರ್ಸಿನ ಕೈಗೂ ಕಟ್ಟಿಸಿದ. ಅವಳಿಗೂ ಏನೂ ಆಗಲಿಲ್ಲ. ಹೊರಗಿದ್ದ ಬಣ್ಣದವನನ್ನೂ ಕರೆಯಲು ಹೊರಟಾಗ ಡಾಕ್ಟರಮ್ಮ ತಡೆದು ಕೂರಿಸಿದಳು.

"ತಪ್ಪು ಐಸಿನದಲ್ಲ ಯಜಮಾನರೇ, ಇವರ ಕೈಯದೂ ಅಲ್ಲ. ಮೈಯೊಳಗೆ ಒಬ್ಬ ಕಾವಲುಗಾರ ಇರ್ತಾನೆ ಅಂದ್ಕೊಳ್ಳಿ. ಅವನಿಗೆ ತಲೆ ಕೆಟ್ಟಿದೆ. ಚಳಿ ತಾಗಿದ್ರೆ ಸಾಕು, ಕಳ್ಳ ಬಂದ ಅಂತ ಗಂಟೆ ಹೊಡೀತಾನೆ. ದದ್ದು ಎದ್ದೇಳೋದು ಬೆಚ್ಚಗಾದ ಮೇಲೆ, ಅದಕ್ಕೇ ಎಲ್ರೂ ಉಷ್ಣ ಅಂತ ಮೋಸ ಹೋಗ್ತಾರೆ. ತೀರಾ ಅಪರೂಪದ್ದೇನಲ್ಲ, ಆದ್ರೆ ದಿನಾ ನೋಡುವಂಥದ್ದೂ ಅಲ್ಲ."

"ಹೋಗುತ್ತಾ ಡಾಕ್ಟ್ರೇ?" ಪರದೆ ಸರಿಸಿ ಹೊರಗೆ ಬಂದಿದ್ದ ಅಳಿಯ ಕೇಳಿದ.

"ಕೆಲವರಿಗೆ ಕೆಲವು ವರ್ಷಕ್ಕೆ ತಾನಾಗೇ ಹೋಗುತ್ತೆ. ಕೆಲವರಿಗೆ ಇರುತ್ತೆ. ನಿಮ್ಮದು ಹೀಗೇ ಅಂತ ಈಗ ಹೇಳೋಕಾಗಲ್ಲ. ಮಾತ್ರೆ ಕೊಡ್ತೀನಿ, ನವೆ ದದ್ದು ಹತೋಟಿಗೆ ಬರುತ್ತೆ, ಸ್ವಲ್ಪ ತೂಕಡಿಕೆ ಬರಬಹುದು. ತಣ್ಣನೆ ನೀರಲ್ಲಿ ಸ್ನಾನ ಬೇಡ, ಈಜು ಬೇಡ, ತಣ್ಣಗಿರೋದು ಕುಡೀಬೇಡಿ. ಉಸಿರು ಕಟ್ಟಿದ ಹಾಗಾದ್ರೆ, ತಲೆ ಸುತ್ತಿದ್ರೆ ಒಂದು ಕ್ಷಣ ಕಾಯದೆ ಆಸ್ಪತ್ರೆಗೆ ಬರಬೇಕು." ಅವಳು ಐಸಜ್ಜನ ಕಡೆ ತಿರುಗಿದಳು. "ಮೈಯೆಲ್ಲ ಒಟ್ಟಿಗೆ ಚಳಿಗೆ ಬಿದ್ರೆ ಪ್ರಾಣಕ್ಕೇ ಕುತ್ತು. ಇವರು ಪೀಪಾಯಿಯೊಳಗೇ ಪ್ರಜ್ಞೆ ತಪ್ಪಿದ್ರೆ ಏನಾಗ್ತಿತ್ತು ಯೋಚನೆ ಮಾಡಿ."

ಐಸಜ್ಜನ ಮುಖದಲ್ಲಿ ರಕ್ತವಿರಲಿಲ್ಲ.

"ಐಸ್ ಕೆಲಸ?" ಎಂದು ಅಳಿಯ ಕೇಳಿದ. ಬೇರೆಲ್ಲ ಆಮೇಲೆ, ಅವನಿಗೆ ಬೇಕಾಗಿದ್ದದ್ದು ಅದೊಂದೇ.

"ಮುಟ್ಟೋದು ಬೇಡ. ಆ ಹಜಾರಕ್ಕೂ ಇಳೀಬೇಡಿ."

ಮನೆಗೆ ಹೋಗುವಾಗ ಇಬ್ಬರೂ ಮೂರು ಚಕ್ರದ ಸಾಮಾನಿನ ಗಾಡಿಯಲ್ಲಿದ್ದರು. ಐಸಜ್ಜ ಓಡಿಸುತ್ತಿದ್ದ, ಅಳಿಯ ಹಿಂದೆ ಖಾಲಿ ಪೆಟ್ಟಿಗೆಯ ಪಕ್ಕ ಸಾಮಾನಿನ ಹಾಗೆ ಕೂತಿದ್ದ. ಮಾವ ಒಂದು ಮಾತೂ ಆಡಲಿಲ್ಲ. ಬೀದಿ ಬದಿಯ ಪ್ರತಿಯೊಂದು ಅಂಗಡಿಯಲ್ಲೂ ಅಳಿಯ ತನ್ನನ್ನು ಕೂರಿಸಿ ನೋಡಿಕೊಂಡ. ಬೀಗ ರಿಪೇರಿ ಬರುವುದಿಲ್ಲ. ಇಸ್ತ್ರಿ ಕಲಿಯಬಹುದು. ಮೀನಿನ ಪೆಟ್ಟಿಗೆ ಹೊರುವ ಹಳೆಯ ಕೆಲಸ ಕೇಳೋಣವೆಂದರೆ ಆ ಪೆಟ್ಟಿಗೆಯಲ್ಲೂ ಐಸೇ. ಹೆಂಡತಿಯನ್ನು ಕರೆದುಕೊಂಡು ಬೇರೆ ಎಲ್ಲಾದರೂ ಒಂದು ಕೋಣೆ ಹಿಡಿಯಬೇಕಾದೀತು ಎಂಬಲ್ಲಿಗೆ ಬಂದು ಅವನ ಯೋಚನೆ ನಿಂತುಹೋಯಿತು.

ಮಾರುಕಟ್ಟೆಯ ನಡುವೆ ಗಾಡಿ ನಿಧಾನವಾಯಿತು. ಅಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿನವಳು ಒಬ್ಬಳಿದ್ದಳು, ಹತ್ತಾರು ಬುಟ್ಟಿ ಮೀನು ಹರಡಿಕೊಂಡು ಕೂರುವವಳು. ಬೀದಿಯೆಲ್ಲ ಅವಳನ್ನು ಕರೆಯುವುದು ಮೀನಕ್ಕ ಎಂದು.

"ಏನ್ ಐಸಜ್ಜ, ಅಳಿಯಂದ್ರನ್ನ ಮೆರವಣಿಗೆ ಮಾಡ್ತಿದೀಯ. ಅವರೇನು ಗಾಡಿ ಓಡಿಸೋದು ಮರೆತ್ರಾ?"

ಐಸಜ್ಜ ಗಾಡಿ ನಿಲ್ಲಿಸಿದ. ಅಳಿಯ ತಲೆ ಬಗ್ಗಿಸಿದ.

"ಅವರಿಗೆ ಮೈ ಸರಿಯಿಲ್ಲ" ಎಂದ ಐಸಜ್ಜ. ಮುಚ್ಚುಮರೆ ಅವನಿಗೆ ಬರುತ್ತಿರಲಿಲ್ಲ. "ಐಸ್ ಆಗಲ್ವಂತೆ."

ಮೀನಕ್ಕನ ಕತ್ತಿ ಗಾಳಿಯಲ್ಲೇ ನಿಂತಿತು. ಅಕ್ಕಪಕ್ಕದ ಬುಟ್ಟಿಯವರೂ ಕಿವಿ ಇತ್ತ ತಿರುಗಿಸಿದರು. "ಐಸ್ ಆಗಲ್ವಾ? ಐಸ್ ಫ್ಯಾಕ್ಟರಿ ಅಳಿಯನಿಗೆ?" ಅವಳಿಗೆ ನಗು ಉಕ್ಕಿತು. "ಅಯ್ಯೋ ನನ್ನಪ್ಪ, ಇಲಿ ಕಂಡ್ರೆ ಹೆದರೋ ಬೆಕ್ಕು ಕಟ್ಕೊಂಡು ಏನ್ಮಾಡೋದು? ಐಸ್ ಆಗದ ಅಳಿಯನ್ನ ಇಟ್ಕೊಂಡು ನೀನೇನ್ಮಾಡ್ತೀಯ?"

ಅಳಿಯನಿಗೆ ತಾನು ಇಷ್ಟು ದಿನ ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಹೀಗೆ ಹಾಡುಹಗಲಲ್ಲಿ, ಮೀನಿನ ವಾಸನೆಯ ನಡುವೆ, ಬೇರೆಯವರ ಬಾಯಲ್ಲಿ ಕೇಳಿಸಿತು. ಮಾವನ ಬೆನ್ನು ನೋಡಿದ.

ಐಸಜ್ಜ ಸೀಟಿನ ಮೇಲೆ ಅರ್ಧ ತಿರುಗಿದ. "ಅಲ್ಲ ಕಣೆ, ನಿನ್ನ ಗಂಡನಿಗೆ ಮೀನು ಸೇರಲ್ಲ. ಮದುವೆಯಾದಾಗಿಂದ ಮೂಗು ಮುಚ್ಕೊಂಡೇ ಸಂಸಾರ ಮಾಡ್ತಿದಾನೆ. ನೀನೇನು ಅವನನ್ನ ಮನೆಯಿಂದ ಆಚೆ ಹಾಕಿದೀಯಾ?"

ಮಾರುಕಟ್ಟೆಗೆ ಮಾರುಕಟ್ಟೆಯೇ ನಕ್ಕಿತು. ಮೀನಕ್ಕನೂ ನಕ್ಕಳು. ನಗುತ್ತಲೇ, "ಹಾಕಿಲ್ಲ ಬಿಡು, ಹಾಕಿಲ್ಲ. ಮನೆ ಲೆಕ್ಕ ನೋಡೋಕಾದ್ರೂ ಬೇಕಲ್ಲ" ಎಂದಳು.

ಐಸಜ್ಜ ಮತ್ತೆ ಗಾಡಿ ಹೊರಡಿಸಿದ. ಆಮೇಲೂ ಮಾತಾಡಲಿಲ್ಲ. ಆದರೆ ಅಳಿಯನಿಗೆ ಈಗ ಆ ಮೌನ ಭಾರ ಅನ್ನಿಸಲಿಲ್ಲ.

ಮಾತು ಗೆಲ್ಲುವುದು ಬೇರೆ, ಐಸು ಎಳೆಯುವುದು ಬೇರೆ. ಮರುದಿನ ಬೆಳಗಾದರೆ ಗಡ್ಡೆಗಳು ತೊಟ್ಟಿಯಲ್ಲಿ ಕಾದಿದ್ದವು, ಬಾಗಿಲಲ್ಲಿ ಗಿರಾಕಿಗಳು ಕಾದಿದ್ದರು. ಐಸಜ್ಜ ತಾನೇ ಕೊಕ್ಕೆ ಹಿಡಿದು ಇಳಿದ. ಮೊದಲನೇ ಗಡ್ಡೆ ಬಾಗಿಲವರೆಗೆ ಬಂತು. ಎರಡನೆಯದು ಅರ್ಧದಾರಿಯಲ್ಲಿ ನಿಂತಿತು. ಐಸಜ್ಜನೂ ಸೊಂಟ ಹಿಡಿದುಕೊಂಡು ಅಲ್ಲೇ ನಿಂತ, ಬಗ್ಗಿದವನು ಬಗ್ಗಿದ ಹಾಗೇ.

ಅಳಿಯ ಮೆಟ್ಟಿಲ ಮೇಲಿನಿಂದ ನೋಡುತ್ತಿದ್ದ. ಕಾಲು ತಾನಾಗಿ ಕೆಳಗಿಳಿಯಿತು. ಹಿಂದಿನಿಂದ ಅಂಗಿ ಹಿಡಿದು ಯಾರೋ ಜಗ್ಗಿದರು.

"ಒಂದು ಮೆಟ್ಲು ಇಳಿದ್ರೆ ನೋಡಿ" ಎಂದಳು ಹೆಂಡತಿ.

ಅವಳು ಅವನನ್ನು ದಾಟಿ ಇಳಿದು ಹೋದಳು. ತೋಳು ಮಡಿಸಿದಳು, ಅಪ್ಪನ ಕೈಯಿಂದ ಕೊಕ್ಕೆ ತೆಗೆದುಕೊಂಡಳು, ಗಡ್ಡೆಯ ಬುಡಕ್ಕೆ ಕೊಕ್ಕೆ ನೆಟ್ಟು ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟಳು. ಗಡ್ಡೆ ಹೇಳಿದ ಮಾತು ಕೇಳುವ ದನದ ಹಾಗೆ ಅವಳ ಹಿಂದೆ ಬಂತು. ಅಳಿಯ ಬಾಯಿ ತೆರೆದು ನೋಡಿದ. ಸಂಸಾರ ಹೂಡಿ ಇಷ್ಟು ವರ್ಷವಾದರೂ ಅವಳು ಇದನ್ನು ಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ.

"ಯಾವಾಗ ಕಲ್ತೆ?"

"ನೀವು ಬರೋಕೆ ಮುಂಚೆ ಇಲ್ಲಿ ಎಳೀತಿದ್ದಿದ್ದು ಯಾರು ಅಂದ್ಕೊಂಡಿದೀರ? ಮದುವೆಯಾದ ದಿನ ಅಪ್ಪ ಕೈಯಿಂದ ಕೊಕ್ಕೆ ಕಿತ್ಕೊಂಡ್ರು. ಮಗಳು ಎಳೆದ್ರೆ ಅಳಿಯನಿಗೆ ಮರ್ಯಾದೆ ಏನಿರುತ್ತೆ ಅಂತ." ಅವಳು ಮುಂದಿನ ಡಬ್ಬಕ್ಕೆ ಕೈ ಹಾಕಿದಳು. "ಆವತ್ತಿಂದ ಒಲೆ ಮುಂದೆ ಕೂತು ಹೊಟ್ಟೆ ಉರ್ಕೋತಿದ್ದೆ. ನಿಮ್ಮ ದದ್ದೆಲ್ಲ ನನ್ನ ಹೊಟ್ಟೆಕಿಚ್ಚೇ ಇರಬೇಕು."

"ಹೊಟ್ಟೆಕಿಚ್ಚಾದ್ರೆ ಉಷ್ಣವೇ ಸರಿ ಹಾಗಾದ್ರೆ" ಎಂದು ಐಸಜ್ಜ ಬಗ್ಗಿದಲ್ಲಿಂದಲೇ ಹೇಳಿದ. ಮಗಳು ಡಬ್ಬ ಎತ್ತುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವನೇ ಮಗಳಿಗೆ, "ಕೈಗೆ ಏನಾದ್ರೂ ಹಾಕ್ಕೊಳ್ಳೆ. ರಬ್ಬರಿನ ಚೀಲ ಮಾರ್ತಾರಂತೆ" ಎಂದ.

ತಣ್ಣಗಿರುವ ಐಸು ಮಾಡಬೇಕಾದರೆ ಎಲ್ಲೋ ಒಂದು ಕಡೆ ಬಿಸಿ ಹುಟ್ಟಲೇಬೇಕು. ಫ್ಯಾಕ್ಟರಿಯ ಹಿಂಬದಿಯಲ್ಲಿ ಮೋಟಾರಿನ ಕೋಣೆಯಿತ್ತು. ತೊಟ್ಟಿಯಿಂದ ಹೀರಿದ ಬಿಸಿಯೆಲ್ಲ ಅಲ್ಲಿ ಬಂದು ಬೀಳುವುದರಿಂದ ಚಳಿಗಾಲದಲ್ಲೂ ಅಂಗಿ ಬಿಚ್ಚಿ ಕೂರುವಂಥ ಜಾಗ. ಮೋಟಾರಿಗೆ ಎಣ್ಣೆ ಹಾಕುವುದು, ಪಟ್ಟಿ ಬಿಗಿಮಾಡುವುದು, ಒತ್ತಡದ ಮುಳ್ಳು ನೋಡುವುದು ಐಸಜ್ಜನ ಖಾಸಾ ಕೆಲಸ. ಒಬ್ಬರನ್ನೂ ಒಳಗೆ ಬಿಟ್ಟವನಲ್ಲ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಅವನು ಅಲ್ಲಿನ ಮರದ ಬೆಂಚಿನ ಮೇಲೆ ಕೂತಿದ್ದಾಗ ಅಳಿಯ ಬಾಗಿಲಿಗೆ ಬಂದು ನಿಂತ. ಒಳಗೆ ಬರಲೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ.

ಐಸಜ್ಜ ನರಳುತ್ತ ಬೆಂಚಿನ ಮೇಲೆ ಒಂದು ಕಡೆಗೆ ಜರುಗಿದ.

ಅಳಿಯ ಪಕ್ಕದಲ್ಲಿ ಕೂತ. ಯಾವ ಮುಳ್ಳು ಎಲ್ಲಿರಬೇಕು, ಯಾವ ಸದ್ದು ಬಂದರೆ ಎಣ್ಣೆ ಕಡಿಮೆಯಾಗಿದೆ ಎಂದರ್ಥ, ಎಲ್ಲವನ್ನೂ ಐಸಜ್ಜ ಮೋಟಾರಿನ ಗದ್ದಲದ ಮೇಲೆ ಕೂಗಿ ಕೂಗಿ ಹೇಳಿಕೊಟ್ಟ. ಅಳಿಯ ತಲೆದೂಗುತ್ತ ಕೇಳಿದ. ಎರಡನೇ ದಿನವೂ ಕೇಳಿದ. ಮೂರನೇ ದಿನ ಆ ಬೆಚ್ಚನೆ ಕೋಣೆ, ಬೆಳಗಿನ ಮಾತ್ರೆ, ಮೋಟಾರಿನ ಒಂದೇ ಸಮನೆ ಜೋಗುಳ, ಎಲ್ಲ ಸೇರಿ ಅವನ ಕಣ್ಣು ಎಳೆದುಕೊಂಡು ಹೋದವು. ಎಷ್ಟೋ ವಾರಗಳ ನಿದ್ದೆ ಬಾಕಿಯಿತ್ತು. ತಲೆ ವಾಲಿ ಮಾವನ ಹೆಗಲಿಗೆ ತಾಗಿತು. ಕೆಲಸದ ಹೊತ್ತಿನಲ್ಲಿ ತೂಕಡಿಸಿದವರ ಮೇಲೆ ನೀರೆರಚುವುದು ಐಸಜ್ಜನ ಪದ್ಧತಿಯಾಗಿತ್ತು. ಇವತ್ತು ಅವನು ಅಳಿಯನ ಮಡಿಲಿಂದ ಜಾರುತ್ತಿದ್ದ, ನಟ್ಟು ಬಿಗಿಯುವ ಪಾನ ಮೆಲ್ಲಗೆ ತೆಗೆದು ಕೆಳಗಿಟ್ಟ.

ಹೆಂಡತಿ ಲೆಕ್ಕ ಕೇಳಲು ಬಾಗಿಲಿಗೆ ಬಂದು ಒಳಗೆ ಇಣುಕಿದಳು. ಮೊಳಕೈವರೆಗೆ ರಬ್ಬರಿನ ಚೀಲ, ಕೆನ್ನೆಯೆಲ್ಲ ಕೆಂಪು. "ಏನಪ್ಪ ಇದು, ಇವರು ಇಲ್ಲೇ ಮಲಗಿಬಿಟ್ಟಿದಾರೆ?"

"ಮೆತ್ತಗೆ ಮಾತಾಡೇ" ಎಂದು ಐಸಜ್ಜ ಮೋಟಾರಿನ ಸದ್ದನ್ನೂ ಮೀರಿಸಿ ಬೀದಿಯ ಆಚೆಯ ಪಾರ್ಲರಿನವರೆಗೂ ಕೇಳುವಂತೆ ಕೂಗಿದ. "ಅಳಿಯಂದ್ರು ಮಲಗಿದಾರೆ."

ಅಳಿಯನಿಗೆ ಎಚ್ಚರವಾಯಿತು. ಆದರೆ ಅವನು ಕಣ್ಣು ಬಿಡಲಿಲ್ಲ.